ಖಾಲಿ ಕುರ್ಚಿಗಳೂ ವಿಮಾನಗಳ ರಕ್ಷಣೆಯೂ

ಅನಗೋಳದ ಮಗ್ಗುಲಿನ ಉದ್ಯಮಬಾಗದಲ್ಲಿ ಲೇಥ್ ಯಂತ್ರದ ಮುಂದೆ ನಿಂತು ದುಡಿದವರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕಾದ ಕಾರಣವಿಲ್ಲ. ಯಂತ್ರದಿಂದ ಇಳಿದ ಜಿನಸು ಅಳತೆಗೆ ಸರಿಯಾಗಿರುವದೋ ಇಲ್ಲವೋ ಎಂಬುದನ್ನು ಅದನ್ನು ಕಡೆದವನೇ ನಿರ್ಣಯಿಸತಕ್ಕದ್ದಲ್ಲ. ಅದಕ್ಕಾಗಿ ಗೇಜು ಹಿಡಿದ ಬೇರೊಬ್ಬನು ಇರುವನು. ಅವನು ಒಲ್ಲೆನೆಂದರೆ ಆ ದಿನದ ದುಡಿಮೆಯೆಲ್ಲ ಮೂಲೆಗೆ ಬೀಳುವದು. ಯಜಮಾನನ ಮುಖ ಕೆಂಪಾಗುವದು. ಗಿರಾಕಿಗೆ ಕೊಟ್ಟ ವಾಯಿದೆ ತಪ್ಪುವದು. ಆದರೂ ಬುದ್ಧಿಯುಳ್ಳ ಯಜಮಾನನು ಆ ಮನುಷ್ಯನನ್ನು ಕೆಲಸದಿಂದ ತೆಗೆಯುವದಿಲ್ಲ. ಅವನ ಸ್ಥಳವನ್ನು ಬರಿದಾಗಿಡುವದೂ ಇಲ್ಲ. ಕಾರಖಾನೆಯ ಈ ಸಣ್ಣ ನ್ಯಾಯವನ್ನು ಭಾರತ ಸರಕಾರವು ತನ್ನ ವಿಮಾನಯಾನ ಖಾತೆಯಲ್ಲಿ ಪಾಲಿಸುತ್ತಿರುವದೇ ಎಂದು ಕೇಳುವ ಪ್ರಸಂಗವು ಒದಗಿರುತ್ತದೆ.

ಪ್ರಸಂಗವೇನೆಂದರೆ: ೨೦೨೫ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಸಂಸತ್ತಿನ ಸ್ಥಾಯೀ ಸಮಿತಿಯೊಂದು ವಿಮಾನಯಾನದ ಸುರಕ್ಷತೆಯ ಕುರಿತು ತನ್ನ ವರದಿಯನ್ನು ಸಭೆಗಳ ಮುಂದಿಟ್ಟಿತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಲ್ಲಿ ಮಂಜೂರಾದ ೧,೦೬೩ ಹುದ್ದೆಗಳ ಪೈಕಿ ೫೫೩ ಮಾತ್ರ ತುಂಬಿದ್ದವೆಂದು ಅದರಿಂದ ತಿಳಿದುಬಂದಿತು. ಎಂದರೆ ದೇಶದ ವಿಮಾನಗಳನ್ನೂ ಅವುಗಳ ದುರಸ್ತಿಯ ಶಾಲೆಗಳನ್ನೂ ಚಾಲಕರನ್ನೂ ನಿಲ್ದಾಣಗಳನ್ನೂ ಕಾಯತಕ್ಕ ಕಚೇರಿಯಲ್ಲಿ ಎರಡರಲ್ಲೊಂದು ಕುರ್ಚಿ ಬರಿದು. ಆ ಮೇಲೆ ಕೆಲವು ಸ್ಥಳಗಳು ಭರ್ತಿಯಾಗಿರಬಹುದು. ಆದರೆ ಅಲ್ಲಿಯ ವರೆಗೆ ಅರ್ಧ ಖಾತೆಯು ಇಡೀ ಖಾತೆಯ ಕೆಲಸವನ್ನು ಹೇಗೆ ಸಾಗಿಸಿತೆಂಬ ಪ್ರಶ್ನೆಯು ಅದರಿಂದ ಅಳಿಯುವದಿಲ್ಲ. ೧೯೩೪ರ ಹಳೆಯ ಕಾಯದೆಯನ್ನು ತೆಗೆದು ೨೦೨೪ರ ಭಾರತೀಯ ವಾಯುಯಾನ ಅಧಿನಿಯಮವನ್ನು ತಂದದ್ದಾಯಿತು. ೨೦೨೫ರ ಜನವರಿ ೧ರಿಂದ ಅದು ಜಾರಿಗೂ ಬಂದಿತು. ಕಾಯದೆಯ ಹೆಸರು ನಮ್ಮದಾಯಿತು, ಸಂತೋಷ. ಕಾಯದೆಯನ್ನು ನಡೆಯಿಸುವ ಮನುಷ್ಯರೆಲ್ಲಿ?

ಇದು ದಿಲ್ಲಿಯವರ ಗೊಡವೆ, ಬೆಳಗಾವಿಗೆ ಇದರಿಂದೇನೆಂದು ಯಾರೂ ಅನ್ನಲಾಗದು. ನಮ್ಮ ಸಾಂಬ್ರಾದ ನೆಲದ ಮೇಲೆ ಎರಡನೆಯ ಮಹಾಯುದ್ಧದ ಕಾಲದಿಂದಲೂ ವಿಮಾನಗಳು ಇಳಿಯುತ್ತಿರುವವು. ವಾಯುಸೇನೆಯು ತನ್ನ ಹೊಸ ಸೈನಿಕರನ್ನು ತಿದ್ದುವ ಶಾಲೆಯು ಅಲ್ಲಿರುವದು. ೨೦೧೭ರ ಸಪ್ಟೆಂಬರಿನಲ್ಲಿ ಹೊಸ ನಿಲ್ದಾಣದ ಕಟ್ಟಡವು ತೆರೆಯಿತು. ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ೨೦೦೯ರಿಂದೀಚೆಗೆ ಬೆಳೆದ ಕಾರಖಾನೆಗಳಲ್ಲಿ ಏರ್‌ಬಸ್, ಬೋಯಿಂಗ್ ವಿಮಾನಗಳ ಬಿಡಿಭಾಗಗಳು ತಯಾರಾಗುವವು. ಲಕ್ಷ್ಮಣರಾವ ಕಿರ್ಲೋಸ್ಕರರಂಥ ಕರ್ತೃತ್ವಶಾಲಿಯು ೧೯೧೦ರಲ್ಲಿ ಈ ಊರಿನಿಂದ ತನ್ನ ಯಂತ್ರಗಳನ್ನು ಕಿತ್ತುಕೊಂಡು ಹೋಗಬೇಕಾದದ್ದನ್ನು ನೆನೆದರೆ, ನಮ್ಮ ನೆಲವು ಲೋಹದ ಕೆಲಸವನ್ನು ಮತ್ತೆ ಗಳಿಸಿಕೊಂಡದ್ದು ಸಣ್ಣ ಮಾತಲ್ಲ. ೨೦೨೩ರ ಮೇ ೩೦ರಂದು ಸಾಂಬ್ರಾದಿಂದ ಮೇಲೇರಿದ ತರಬೇತಿಯ ಸಣ್ಣ ವಿಮಾನವೊಂದು ಹೊನ್ನಿಹಾಳದ ಸಮೀಪದ ಹೊಲದಲ್ಲಿ ಇಳಿದುಬಿಟ್ಟಾಗ ಅದನ್ನು ನೋಡಲು ಓಡಿದವರೂ ನಮ್ಮ ಜಿಲ್ಲೆಯ ರೈತರೇ. ದೈವವಶಾತ್ ಒಳಗಿದ್ದವರ ಜೀವ ಉಳಿಯಿತು. ವಿಮಾನವು ಮೇಲೆ ಹೋಗುವಾಗ ಎಲ್ಲರೂ ತಲೆಯೆತ್ತಿ ನೋಡುವರು. ಅದು ಹಾರಲು ಯೋಗ್ಯವೆಂದು ಕಾಗದದ ಮೇಲೆ ರುಜು ಮಾಡಿದವನು ಯಾರು, ಆ ರುಜು ಸಾಚಾ ಇದೆಯೆಂದು ನೋಡಿದವನು ಯಾರು ಎಂದು ಕೇಳುವವರು ವಿರಳ.

ಆ ಖಾತೆಯ ಎಲ್ಲ ಕೆಲಸಗಳೊಳಗೂ ಸಾಮಾನ್ಯ ಜನರ ದೃಷ್ಟಿಗೆ ತೀರ ದೂರವಾದದ್ದು ವಿಮಾನದ ಇಲೆಕ್ಟ್ರಾನಿಕ್ ಸಲಕರಣೆಗಳ ಪರಿವೀಕ್ಷಣೆ. ರೆಕ್ಕೆಯಲ್ಲಿ ಬಿರುಕು ಬಿಟ್ಟರೆ ಕಣ್ಣಿಗೆ ಕಾಣುವದು. ಟಾಯರು ಸವೆದರೆ ಕೈಗೆ ಹತ್ತುವದು. ಆದರೆ ಇಂದಿನ ವಿಮಾನವು ಲೋಹಕ್ಕಿಂತ ಹೆಚ್ಚಾಗಿ ತಂತಿ ಹಾಗೂ ಗಣಕಗಳ ಮೇಲೆ ನಂಬಿಕೆಯಿಟ್ಟು ಹಾರುವದು. ನೆಲದ ಎತ್ತರವನ್ನು ಅಳೆಯುವ ರೇಡಿಯೋ, ಗುಡ್ಡವು ಎದುರಿಗಿದೆಯೆಂದು ಕೂಗುವ ಯಂತ್ರ, ಇನ್ನೊಂದು ವಿಮಾನವು ಸಮೀಪಿಸುತ್ತಿದೆಯೆಂದು ಎಚ್ಚರಿಸುವ ಯಂತ್ರ, ತಾನೇ ಚುಕ್ಕಾಣಿ ಹಿಡಿಯುವ ಯಂತ್ರ, ಎಲ್ಲವನ್ನೂ ಬರೆದಿಡುವ ಪೆಟ್ಟಿಗೆ, ಇವೆಲ್ಲ ತಂತಮ್ಮ ಡಬ್ಬಿಗಳೊಳಗೆ ಮೌನವಾಗಿ ಕುಳಿತಿರುವವು. ಡಬ್ಬಿಯ ಹೊರಮೈಯನ್ನು ನೋಡಿ ಒಳಗಿನ ಸ್ಥಿತಿಯನ್ನು ಯಾರೂ ಹೇಳಲಾರರು. ಈ ಸಲಕರಣೆಗಳನ್ನು ದುರಸ್ತಿ ಮಾಡಿ ವಿಮಾನವನ್ನು ಬಿಟ್ಟುಕೊಡುವ ಎಂಜಿನೀಯರನಿಗೆ ಬೇರೊಂದು ವರ್ಗದ ಲೈಸನ್ಸು ಇರುವದು. 'ಬಿ-೨' ಎಂದು ಅದನ್ನು ಕರೆಯುವರು. ಅವನು ವಿಮಾನ ಕಂಪನಿಯ ಇಲ್ಲವೆ ದುರಸ್ತಿಯ ಸಂಸ್ಥೆಯ ನೌಕರನು. ಅವನ ಮೇಲೆ ಕಣ್ಣಿಡುವವನು ಸರಕಾರದ ಅಧಿಕಾರಿ.

ಈ ಅಧಿಕಾರಿಯು ಕೈಯಲ್ಲಿ ತಿರುಪುಳಿ ಹಿಡಿದು ದುರಸ್ತಿ ಮಾಡುವವನಲ್ಲ. ಅವನ ಕೆಲಸವು ಲೆಕ್ಕಪರಿಶೋಧಕನ ಕೆಲಸಕ್ಕೆ ಹತ್ತಿರದ್ದು. ಮಾಮಲೇದಾರ ಕಚೇರಿಯ ದಫ್ತರಗಳನ್ನು ತಿರುವಿ ಹಾಕಿದ ನಮ್ಮ ವಾಚಕರಿಗೆ ಇದು ಸುಲಭವಾಗಿ ತಿಳಿಯುವದು. ಕಳಚಿದ ಡಬ್ಬಿಯು ಮನ್ನಣೆ ಪಡೆದ ದುರಸ್ತಿಯ ಶಾಲೆಗೇ ಹೋಯಿತೇ? ಅಲ್ಲಿಂದ ಬಂದ ಪ್ರಮಾಣಪತ್ರವು ಅದೇ ಡಬ್ಬಿಯದೇ? ಅದನ್ನು ಪರೀಕ್ಷಿಸಿದ ಮಾಪಕ ಯಂತ್ರವನ್ನೇ ಕಡೆಯ ಸಲ ಪರೀಕ್ಷಿಸಿದ್ದು ಎಂದು? ಬೆರಳಿನ ತುದಿಯಿಂದ ಹಾರುವ ಸ್ಥಿರವಿದ್ಯುತ್ತು ಸೂಕ್ಷ್ಮವಾದ ಬಿಲ್ಲೆಗಳನ್ನು ಸುಟ್ಟುಬಿಡಬಲ್ಲದು. ಆದ್ದರಿಂದ ಅವುಗಳನ್ನು ಮುಟ್ಟುವವನು ಮಣಿಕಟ್ಟಿಗೆ ಭೂಮಿಗೆ ಜೋಡಿಸಿದ ಪಟ್ಟಿಯನ್ನು ಕಟ್ಟಿಕೊಂಡಿದ್ದನೇ? ಗಣಕದ ಕಾರ್ಯಕ್ರಮವು ತಯಾರಕನು ಹೇಳಿದ ಆವೃತ್ತಿಯದೇ? ಇಂಥ ಪ್ರಶ್ನೆಗಳು ಒಂದೊಂದೂ ನೀರಸವೇ ಸರಿ.

ಅವುಗಳೊಳಗೆ ಒಂದನ್ನು ಮಾತ್ರ ವಿಶೇಷವಾಗಿ ಹೇಳಬೇಕು. ಕೆಲವು ಸಲಕರಣೆಗಳು ಕೆಟ್ಟಿದ್ದರೂ ವಿಮಾನವು ನೇಮಿಸಿದ ದಿವಸಗಳ ವರೆಗೆ ಹಾರಬಹುದೆಂದು ನಿಯಮವಿರುವದು. ಸಲಕರಣೆಯ ಮಹತ್ವವನ್ನು ನೋಡಿ ೩ ದಿವಸ, ೧೦ ದಿವಸ, ೧೨೦ ದಿವಸ ಎಂದು ಅವಧಿಗಳಿರುವವು. ನಿಯಮವು ಅವಿವೇಕದ್ದಲ್ಲ, ಒಂದು ಕೆಟ್ಟರೆ ಇನ್ನೊಂದು ಇರುವಂತೆ ವಿಮಾನವನ್ನು ಕಟ್ಟಿರುತ್ತಾರೆ. ಆದರೆ ಮೂರನೆಯ ದಿನ ಹಳೆಯ ದೋಷವನ್ನು ಮುಗಿಸಿದಂತೆ ಬರೆದು ನಾಲ್ಕನೆಯ ದಿನ ಅದನ್ನೇ ಹೊಸ ದೋಷವೆಂದು ಬರೆದರೆ? ಆ ಪುಟವನ್ನೂ ಹಿಂದಿನ ಪುಟವನ್ನೂ ಕೂಡಿಸಿ ಓದುವ ಮನುಷ್ಯನಿದ್ದರೆ ಮಾತ್ರ ಅದು ಹೊರಗೆ ಬೀಳುವದು. ಕುರ್ಚಿ ಬರಿದಿದ್ದರೆ ಪುಟವು ಸುಮ್ಮನೆ ಕಪಾಟು ಸೇರುವದು.

ಕಾಗದವನ್ನು ಓದದೆ ಹೋದುದರ ಫಲವೇನೆಂಬುದಕ್ಕೆ ದೂರದ ಇಂಡೊನೇಶಿಯದ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಗತ್ಯಂತರವಿಲ್ಲ. ವಿಮಾನದ ಮೂಗಿನ ಪಕ್ಕದಲ್ಲಿ ಗಾಳಿಯು ಯಾವ ಕೋನದಿಂದ ಬರುತ್ತಿದೆಯೆಂಬುದನ್ನು ಅರಿಯುವ ಪುಟ್ಟ ಪಟ್ಟಿಯಂಥ ಉಪಕರಣವಿರುವದು. ೨೦೧೮ರ ಅಕ್ಟೋಬರ್ ೨೮ರಂದು ಬಾಲಿ ದ್ವೀಪದಲ್ಲಿ ಹೊಸ ಬೋಯಿಂಗ್ ೭೩೭ ಮ್ಯಾಕ್ಸ್ ವಿಮಾನವೊಂದಕ್ಕೆ ಇಂಥ ಉಪಕರಣವನ್ನು ಬದಲಾಯಿಸಿ ಕೂಡ್ರಿಸಿದರು. ಅದು ಅಮೆರಿಕೆಯ ಫ್ಲೋರಿಡಾದ ದುರಸ್ತಿಯ ಶಾಲೆಯೊಂದರಿಂದ ಬಂದದ್ದು. ಅದರಲ್ಲಿ ೨೧ ಅಂಶಗಳಷ್ಟು ತಪ್ಪು ಇದ್ದಿತೆಂದು ಆಮೇಲೆ ಗೊತ್ತಾಯಿತು. ದುರಸ್ತಿಯ ಶಾಲೆಯಲ್ಲಿ ತಪ್ಪು ಸಿಕ್ಕಲಿಲ್ಲ; ಕೂಡ್ರಿಸಿದ ಮೇಲೆ ಮಾಡಬೇಕಾದ ಪರೀಕ್ಷೆಯಲ್ಲಿಯೂ ಸಿಕ್ಕಲಿಲ್ಲ; ಅದೇ ರಾತ್ರಿಯ ಪ್ರಯಾಣದಲ್ಲಿ ವಿಮಾನವು ಚಾಲಕರನ್ನು ಕಾಡಿದರೂ ದೋಷದ ಪುಸ್ತಕದಲ್ಲಿ ಪೂರ್ಣ ಸಂಗತಿಯನ್ನು ಬರೆಯಲಿಲ್ಲ. ಮರುದಿನ ಬೆಳಗಿನಲ್ಲಿ ಅದೇ ವಿಮಾನವು ಜಕಾರ್ತಾದಿಂದ ಹೊರಟು ಸಮುದ್ರಕ್ಕೆ ಬಿದ್ದಿತು. ೧೮೯ ಜನರು ಸತ್ತರು. ಒಂದೇ ಉಪಕರಣದ ಸುಳ್ಳು ಮಾತನ್ನು ನಂಬಿ ವಿಮಾನದ ಮೂಗನ್ನು ಕೆಳಗೆ ಒತ್ತುವ ಗಣಕದ ಏರ್ಪಾಡನ್ನು ತಯಾರಕರು ಇಟ್ಟಿದ್ದರು. ಅದೇ ಏರ್ಪಾಡು ೨೦೧೯ರ ಮಾರ್ಚ್ ೧೦ರಂದು ಇಥಿಯೋಪಿಯದಲ್ಲಿ ಇನ್ನೂ ೧೫೭ ಜನರನ್ನು ಬಲಿ ತೆಗೆದುಕೊಂಡಿತು. ಅಮೆರಿಕೆಯ ಸರಕಾರವು ಆ ದುರಸ್ತಿಯ ಶಾಲೆಯ ಸನದನ್ನು ಕಿತ್ತುಕೊಂಡದ್ದು ೨೦೧೯ರ ಅಕ್ಟೋಬರಿನಲ್ಲಿ, ಎಂದರೆ ವಿಮಾನವು ಬಿದ್ದು ಒಂದು ವರುಷವಾದ ಮೇಲೆ. ಪರಿವೀಕ್ಷಕನು ಒಂದು ವರುಷ ಮೊದಲು ಆ ಬಾಗಿಲನ್ನು ತಟ್ಟಿದ್ದರೆ ಎಂಬ ಮಾತು ಯಾರ ಮನಸ್ಸಿನಲ್ಲಿಯಾದರೂ ಬಾರದೆ ಇರದು.

ನಮ್ಮ ನಾಡಿನ ಅನುಭವವು ಇದಕ್ಕಿಂತ ಸೂಕ್ಷ್ಮವಾದ ಪಾಠವನ್ನು ಕಲಿಸಿರುತ್ತದೆ. ೧೯೯೦ರ ಫೆಬ್ರುವರಿ ೧೪ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ಎ-೩೨೦ ವಿಮಾನವು ಬೆಂಗಳೂರಿನ ಹಳೆಯ ನಿಲ್ದಾಣವನ್ನು ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ೧೪೬ ಜನರಲ್ಲಿ ೯೨ ಜನರು ತೀರಿಕೊಂಡರು. ವಿಮಾನವು ಕಂಪನಿಯ ಕೈಸೇರಿ ಕೆಲವು ವಾರಗಳಷ್ಟೇ ಆಗಿದ್ದವು. ಚಕ್ರವನ್ನೂ ರಾಟೆಯನ್ನೂ ಬಿಟ್ಟು ತಂತಿಯ ಸಂಕೇತದಿಂದ ನಡೆಯುವ ಆ ಜಾತಿಯ ವಿಮಾನವು ದೇಶಕ್ಕೇ ಹೊಸದು. ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ವಿಚಾರಣೆಯಲ್ಲಿ ಯಂತ್ರವು ಕೆಟ್ಟಿತ್ತೆಂಬುದು ಹೊರಬೀಳಲಿಲ್ಲ. ಇಂಜಿನುಗಳು ಮಂದವಾಗಿಯೇ ಉಳಿಯುವ ಒಂದು ಇಳಿತದ ಸ್ಥಿತಿಯಲ್ಲಿ ವಿಮಾನವಿದ್ದಿತು. ಚಾಲಕರು ಅದನ್ನು ಸಕಾಲಕ್ಕೆ ಅರಿಯಲಿಲ್ಲ. ಒಂದು ಗುಂಡಿಯ ಬದಲು ಪಕ್ಕದ ಗುಂಡಿಯನ್ನು ತಿರುಗಿಸಿರಬಹುದೆಂಬ ಊಹೆಯೂ ಬಂದಿತು. ಯಂತ್ರವು ತನಗೆ ಹೇಳಿದ್ದನ್ನು ಮಾಡಿತು. ಆದರೆ ಹೇಳಿದವರಿಗೆ ತಾವೇನು ಹೇಳಿದೆವೆಂಬುದು ತಿಳಿದಿರಲಿಲ್ಲ. ಇಂಥಲ್ಲಿ 'ಸಲಕರಣೆ ಸರಿಯಾಗಿದೆ' ಎಂದು ರುಜು ಹಾಕುವದು ಪರಿವೀಕ್ಷಣೆಯ ಅರ್ಧ ಭಾಗ ಮಾತ್ರ. ಈ ಸಲಕರಣೆಯು ದಣಿದ ಮನುಷ್ಯನಿಗೆ ಸರಿಯಾದ ಮಾತನ್ನು ಸರಿಯಾದ ವೇಳೆಗೆ ತಿಳಿಸುವದೇ ಎಂಬುದನ್ನು ಕೇಳುವಷ್ಟು ವಿದ್ಯೆಯೂ ಧೈರ್ಯವೂ ಅಧಿಕಾರಿಗೆ ಇರಬೇಕು. ಅಂಥವನನ್ನು ಆರು ತಿಂಗಳ ಕರಾರಿನ ಮೇಲೆ ಸಂತೆಯಲ್ಲಿ ಕೊಂಡು ತರಲಾಗುವದಿಲ್ಲ.

೨೦೧೦ರ ಮೇ ೨೨ರ ಮಂಗಳೂರಿನ ದುರಂತದಲ್ಲಿ ೧೫೮ ಜನರು ಸತ್ತರು. ಅದರ ಮುಖ್ಯ ದೋಷವು ಚಾಲಕನದೆಂದು ವಿಚಾರಣಾ ಮಂಡಲವು ಹೇಳಿತು. ನೆಲವನ್ನು ಕುರಿತು ಎಚ್ಚರಿಸುವ ಯಂತ್ರವು ಕೂಗಿ ಕೂಗಿ ಹೇಳಿದರೂ ಅವನು ಕೇಳಲಿಲ್ಲ. ಆದರೆ ಅದೇ ವರದಿಯಲ್ಲಿ, ಮಂಗಳೂರಿನ ರಾಡಾರು ಎರಡು ದಿನಗಳಿಂದ ಕೆಟ್ಟು ನಿಂತಿದ್ದ ಕಾರಣ ವಿಮಾನವನ್ನು ಬೇಗ ಕೆಳಗಿಳಿಸುವದಾಗಲಿಲ್ಲವೆಂಬ ಸಂಗತಿಯೂ ಇರುವದು. ಚಾಲಕನ ಹೆಸರು ಎಲ್ಲರಿಗೂ ಗೊತ್ತಾಯಿತು. ರಾಡಾರಿನ ಸುದ್ದಿಯನ್ನು ಬಹಳ ಜನ ಮರೆತರು.

ಇನ್ನು ೨೦೨೫ರ ಜೂನ್ ೧೨ರ ಅಹಮದಾಬಾದಿನ ಭೀಕರ ಘಟನೆ. ೨೬೦ ಜೀವಗಳು ಹೋದವು. ಆ ಅಪಘಾತದ ಕಾರಣದ ಬಗ್ಗೆ ನಾವು ಇಲ್ಲಿ ತೀರ್ಪು ಕೊಡಹೋಗುವದಿಲ್ಲ. ಆದರೆ ಒಂದು ತಿಂಗಳಿಗೆ ಹೊರಬಂದ ಪ್ರಾಥಮಿಕ ವರದಿಯ ಒಂದು ಪರಿಚ್ಛೇದವು ಗಮನಾರ್ಹವಾದದ್ದು. ಇಂಧನವನ್ನು ಬಿಡುವ ಮತ್ತು ತಡೆಯುವ ಸ್ವಿಚ್ಚುಗಳ ಬಿಗಿಗುಣಿಕೆಯನ್ನು ನೋಡಿರೆಂದು ಅಮೆರಿಕೆಯ ಖಾತೆಯು ೨೦೧೮ರ ಡಿಸೆಂಬರಿನಲ್ಲಿಯೇ ಒಂದು ಪತ್ರವನ್ನು ಹೊರಡಿಸಿತ್ತು. ಅದು ಸಲಹೆ, ಆಜ್ಞೆಯಲ್ಲ. ಆದ್ದರಿಂದ ಆ ತಪಾಸಣೆಯು ನಡೆದಿರಲಿಲ್ಲ. ಪ್ರಾಥಮಿಕ ವರದಿ ಬಂದ ಎರಡು ದಿನಕ್ಕೆ ನಮ್ಮ ಮಹಾನಿರ್ದೇಶನಾಲಯವು ಆ ಸ್ವಿಚ್ಚುಗಳನ್ನು ನೋಡಿರೆಂದು ಅಪ್ಪಣೆ ಮಾಡಿ ಒಂದು ವಾರದ ಗಡುವು ಕೊಟ್ಟಿತು. ಒಂದು ವಾರದಲ್ಲಿ ಆಗಬಹುದಾದ ಕೆಲಸವು ಆರು ವರುಷಗಳ ವರೆಗೆ ಸಲಹೆಯಾಗಿಯೇ ಉಳಿದದ್ದೇಕೆ? ಪರದೇಶದಿಂದ ಬರುವ ಪ್ರತಿಯೊಂದು ಸಲಹೆಯನ್ನು ಓದಿ, ಇದು ನಮ್ಮಲ್ಲಿ ಆಜ್ಞೆಯಾಗತಕ್ಕದ್ದೋ ಅಲ್ಲವೋ ಎಂದು ಯೋಚಿಸಿ ಟಿಪ್ಪಣಿ ಬರೆಯುವ ಅಧಿಕಾರಿಯು ಬೇಕು. ಆ ಟಿಪ್ಪಣಿಗೆ ವೇಳೆಯೂ ಬೇಕು. ನಾಲ್ವರ ಕೆಲಸವನ್ನು ಇಬ್ಬರು ಮಾಡುವ ಕಚೇರಿಯಲ್ಲಿ ಆಜ್ಞೆಗಳನ್ನು ರವಾನಿಸುವದರಲ್ಲಿಯೇ ಹೊತ್ತು ಮುಳುಗುವದು.

ಸರಕಾರವು ಈ ಹುದ್ದೆಗಳನ್ನು ಬೇಕೆಂದೇ ಬರಿದಾಗಿಟ್ಟಿದೆಯೆಂದು ನಾವು ಅನ್ನುವದಿಲ್ಲ. ಅರ್ಜಿ, ಲೋಕಸೇವಾ ಆಯೋಗ, ಸಂದರ್ಶನ, ಪೋಲೀಸ ವಿಚಾರಣೆ ಇವೆಲ್ಲ ಮುಗಿಯುವದರೊಳಗೆ ಒಳ್ಳೆಯ ಹುಡುಗನು ಬೇರೆ ಕಡೆಗೆ ಸೇರಿಬಿಡುವನು. ಹಾರುವ ಯೋಗ್ಯತೆಯನ್ನು ಪರೀಕ್ಷಿಸುವ ಅಧಿಕಾರಿಯ ಮೊದಲಿನ ಮೂಲವೇತನವು ಏಳನೆಯ ವೇತನ ಆಯೋಗದ ಮೇರೆಗೆ ೫೬,೧೦೦ ರೂಪಾಯಿ. ದೊಡ್ಡ ವಿಮಾನದ ಇಲೆಕ್ಟ್ರಾನಿಕ್ ವಿಭಾಗದಲ್ಲಿ ಪಳಗಿದ ಎಂಜಿನೀಯರನಿಗೆ ಕಂಪನಿಗಳು ಇದಕ್ಕಿಂತ ಬಹಳ ಹೆಚ್ಚು ಕೊಡುವವು. ಪರೀಕ್ಷಿಸುವವನಿಗಿಂತ ಪರೀಕ್ಷೆಗೆ ಒಳಗಾಗುವವನಿಗೆ ಹೆಚ್ಚು ಸಂಬಳವಿರುವ ಈ ವ್ಯವಸ್ಥೆಯಲ್ಲಿ, ನಾಳೆ ತಾನೇ ನೌಕರಿ ಬೇಡಬೇಕಾದ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಇಂದು ಕೆಂಪು ಗೆರೆಯೆಳೆಯುವ ಅಧಿಕಾರಿಯು ಪುಣ್ಯಾತ್ಮನೇ ಸರಿ. ಅಂಥ ಪುಣ್ಯಾತ್ಮರು ಇದ್ದಾರೆ. ಅವರ ಸಂಖ್ಯೆಯನ್ನು ನಂಬಿ ರಾಜ್ಯಭಾರ ಮಾಡಲಾಗದು.

ಹಾರಿಸುವದನ್ನು ಪರೀಕ್ಷಿಸುವ ಅಧಿಕಾರಿಗಳಿಗೆ ಮಾರುಕಟ್ಟೆಯ ದರದ ಕರಾರಿನ ಸಂಬಳವನ್ನು ಸರಕಾರವು ಕೊಡಲೊಪ್ಪಿರುವದು. ಅದಕ್ಕೂ ಒಂದು ಅವಮಾನವೇ ಕಾರಣವಾಗಬೇಕಾಯಿತು. ೨೦೧೪ರ ಜನವರಿ ಕಡೆಯಲ್ಲಿ ಅಮೆರಿಕೆಯವರು ನಮ್ಮ ಪರಿವೀಕ್ಷಣೆಯು ಸಾಲದೆಂದು ಹೇಳಿ ಇಡೀ ದೇಶವನ್ನು ಎರಡನೆಯ ದರ್ಜೆಗೆ ಇಳಿಸಿದರು. ಮತ್ತೆ ಮೊದಲಿನ ದರ್ಜೆಯನ್ನು ಪಡೆಯಲು ೨೦೧೫ರ ಎಪ್ರಿಲಿನ ವರೆಗೆ ಕಾಯಬೇಕಾಯಿತು. ಸ್ವತಂತ್ರ ರಾಷ್ಟ್ರದ ಖಾತೆಯೊಂದು ತನ್ನ ಕುರ್ಚಿಗಳನ್ನು ಪರರ ಛೀಮಾರಿಯಿಂದ ತುಂಬಿಕೊಳ್ಳಬೇಕೇ? ಚಾಲಕರನ್ನು ನೋಡುವವರಿಗೆ ದೊರೆತ ಆ ಸೌಲಭ್ಯವು ತಂತಿಯನ್ನೂ ಗಣಕವನ್ನೂ ನೋಡುವವರಿಗೆ ಏಕೆ ಸಲ್ಲಬಾರದು?

ಕಂಪನಿಗಳಲ್ಲಿಯೇ ನಿಪುಣ ಎಂಜಿನೀಯರರಿದ್ದಾರೆ, ತಮ್ಮ ವಿಮಾನವು ಬೀಳಲೆಂದು ಯಾವ ಕಂಪನಿಯೂ ಬಯಸದು, ಸರಕಾರದ ಗುಮಾಸ್ತನು ನಡುವೆ ಬಂದು ತೊಡಕು ಮಾಡುವದೇಕೆ ಎಂದು ಕೇಳುವ ವ್ಯಾಪಾರಸ್ಥ ಮಿತ್ರರು ನಮಗಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ೨೦೨೫ರ ನವೆಂಬರ ಕೊನೆಯಲ್ಲಿ ಸೂರ್ಯನ ವಿಕಿರಣದಿಂದ ಎ-೩೨೦ ಜಾತಿಯ ವಿಮಾನಗಳ ಗಣಕವೊಂದರ ಲೆಕ್ಕವು ಕೆಡಬಹುದೆಂದು ಗೊತ್ತಾದಾಗ ಲೋಕದಾದ್ಯಂತ ಸುಮಾರು ೬,೦೦೦ ವಿಮಾನಗಳನ್ನು ಸರಿಪಡಿಸಬೇಕಾಯಿತು. ನಮ್ಮ ದೇಶದ ೩೦೦ಕ್ಕೂ ಮಿಕ್ಕಿದ ವಿಮಾನಗಳ ಬಹುಭಾಗವನ್ನು ಕಂಪನಿಗಳ ಎಂಜಿನೀಯರರು ಹಗಲಿರುಳು ದುಡಿದು ಎರಡು ಮೂರು ದಿನಗಳಲ್ಲಿಯೇ ತಿದ್ದಿದರು. ಅವರನ್ನು ಮೆಚ್ಚಲೇಬೇಕು. ಆದರೆ ತಿದ್ದದೆ ಹಾರಕೂಡದೆಂಬ ಅಪ್ಪಣೆಯನ್ನು ಕೊಟ್ಟದ್ದು ಸರಕಾರಗಳು. ಮ್ಯಾಕ್ಸ್ ವಿಮಾನದ ವಿಷಯದಲ್ಲಿ ಅಮೆರಿಕೆಯ ಸರಕಾರವು ಪರೀಕ್ಷೆಯ ದೊಡ್ಡ ಭಾಗವನ್ನು ತಯಾರಕನ ನೌಕರರಿಗೇ ವಹಿಸಿಕೊಟ್ಟಿತ್ತೆಂಬುದನ್ನೂ ಈ ಮಿತ್ರರು ನೆನೆಯಲಿ. ನಮ್ಮಲ್ಲಿ ಸೇನೆಯ ವಿಮಾನಗಳಿಗೆ ಹಾರುವ ಯೋಗ್ಯತೆಯ ಮುದ್ರೆಯೊತ್ತುವ ಬೆಂಗಳೂರಿನ ಸಂಸ್ಥೆಯಾದ ಸೆಮಿಲ್ಯಾಕ್ ಕೂಡ, ಸೇನೆಯ ಯಂತ್ರಗಳನ್ನು ರಚಿಸುವ ರಕ್ಷಣಾ ಸಂಶೋಧನಾ ಖಾತೆಯ ಆಶ್ರಯದಲ್ಲಿಯೇ ಇರುವದು. ಅಲ್ಲಿಯ ವಿದ್ವಾಂಸರ ಪ್ರಾಮಾಣಿಕತೆಯು ನಿಸ್ಸಂಶಯ. ಆದರೂ ಅಡಿಗೆಯವನನ್ನೂ ರುಚಿ ನೋಡುವವನನ್ನೂ ಒಂದೇ ಮನೆಯಲ್ಲಿ ಇಡುವದು ಒಳ್ಳೆಯ ಪದ್ಧತಿಯಲ್ಲ.

ನಮ್ಮ ಬೇಡಿಕೆಯು ದೊಡ್ಡದಲ್ಲ. ಈ ಅಧಿಕಾರಿಗಳ ಆಯ್ಕೆಗೆ ಸಾಮಾನ್ಯ ಗುಮಾಸ್ತಿಕೆಯ ದಾರಿಯನ್ನು ಬಿಟ್ಟು ಬೇರೊಂದು ಶೀಘ್ರವಾದ ದಾರಿಯನ್ನು ಮಾಡಬೇಕು. ಸಂಸದೀಯ ಸಮಿತಿಯ ಅಭಿಪ್ರಾಯವೂ ಇದೇ ಆಗಿರುತ್ತದೆ. ಸರಕಾರಿ ಕೆಲಸ ಬಿಟ್ಟವನು ತಾನು ಪರೀಕ್ಷಿಸಿದ ಕಂಪನಿಯನ್ನು ಕೆಲವು ವರುಷ ಸೇರಕೂಡದೆಂಬ ಕಟ್ಟನ್ನು ಬಿಗಿಯಾಗಿ ಪಾಲಿಸಬೇಕು. ಅದಕ್ಕೆ ತಕ್ಕ ಸಂಬಳವನ್ನೂ ಕೊಡಬೇಕು. ಪರಿವೀಕ್ಷಣೆಯಲ್ಲಿ ಕಂಡ ದೋಷಗಳ ಸಾರವನ್ನು, ಕಂಪನಿಯ ವ್ಯಾಪಾರದ ಗುಟ್ಟುಗಳನ್ನು ಬಿಟ್ಟು, ವರುಷಕ್ಕೊಮ್ಮೆಯಾದರೂ ಜನರ ಮುಂದಿಡಬೇಕು. ಮತ್ತು ಆಯಾ ಪ್ರಾಂತದಲ್ಲಿ ನಡೆದ ಅಪಘಾತದ ವರದಿಯನ್ನು ಆ ಪ್ರಾಂತದ ಭಾಷೆಯಲ್ಲಿ ಕೊಡಬೇಕು. ಸತ್ತವರ ತಾಯಿತಂದೆಗಳು ಇಂಗ್ಲಿಷಿನ ನೂರಾರು ಪುಟಗಳನ್ನು ವಕೀಲರಿಂದ ಓದಿಸಿಕೊಳ್ಳಬೇಕೆಂಬ ವಿಧಿ ಏತಕ್ಕೆ?

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮುಖ್ಯ ಸ್ಥಾನವು ೧೯೯೮ರಿಂದ ನಮ್ಮ ಬೆಳಗಾವಿಯಲ್ಲಿಯೇ ಇರುವದು. ರಾಜ್ಯದ ಎಂಜಿನೀಯರಿಂಗ್ ಕಾಲೇಜುಗಳ ಪಠ್ಯವು ಇಲ್ಲಿ ನಿರ್ಣಯವಾಗುವದು. ಇಲೆಕ್ಟ್ರಾನಿಕ್ಸ್ ಕಲಿತ ಹುಡುಗರಲ್ಲಿ ಹೆಚ್ಚಿನವರು ಬೆಂಗಳೂರಿನ ಗಣಕದ ಕಂಪನಿಗಳ ಹಾದಿ ಹಿಡಿಯುವರು. ಯಂತ್ರವನ್ನು ಕಟ್ಟುವ ವಿದ್ಯೆಯ ಸಂಗಡ ಅದನ್ನು ಪರೀಕ್ಷಿಸುವ ವಿದ್ಯೆಯನ್ನೂ, ವಾಯುಯಾನದ ಕಾಯದೆಯನ್ನೂ, ದೋಷದ ಪುಸ್ತಕವನ್ನು ಓದುವ ಬಗೆಯನ್ನೂ ಒಂದು ವಿಷಯವಾಗಿ ಕಲಿಸಿ, ಹತ್ತರಗಿಯ ಕಾರಖಾನೆಯಲ್ಲಿಯೂ ಸಾಂಬ್ರಾದ ನಿಲ್ದಾಣದಲ್ಲಿಯೂ ಮೂರು ತಿಂಗಳು ನಿಲ್ಲಿಸಿದರೆ, ಅನಗೋಳದ ಗೇಜಿನವನ ಮಗನು ನಾಳೆ ಆ ಖಾಲಿ ಕುರ್ಚಿಗಳೊಳಗೆ ಒಂದರಲ್ಲಿ ಕುಳಿತುಕೊಳ್ಳಬಹುದು. ತಂದೆಯಿಂದ ಒಲ್ಲೆನೆನ್ನುವದನ್ನು ಅವನು ಕಲಿತೇ ಇರುವನು.

ಬೆಳಗಾವಿ, ಚಿಕ್ಕೋಡಿಗಳಿಂದ ಲೋಕಸಭೆಗೆ ಹೋದ ಮಹನೀಯರು ಮುಂದಿನ ಅಧಿವೇಶನದಲ್ಲಿ ಮಂತ್ರಿಗಳಿಗೆ ಮೂರು ಪ್ರಶ್ನೆಗಳನ್ನು ಹಾಕಲಿ. ವಿಮಾನಗಳ ಇಲೆಕ್ಟ್ರಾನಿಕ್ ಸಲಕರಣೆಗಳನ್ನು ಪರೀಕ್ಷಿಸಬಲ್ಲ ಅಧಿಕಾರಿಗಳು ಬೆಂಗಳೂರಿನ ಕಚೇರಿಯಲ್ಲಿ ಇಂದು ಎಷ್ಟು ಜನ? ಮಂಜೂರಾದದ್ದು ಎಷ್ಟು? ಅವರು ಕಳೆದ ಒಂದು ವರುಷದಲ್ಲಿ ಸಾಂಬ್ರಾದ ನೆಲದ ಮೇಲೆ, ಮುನ್ಸೂಚನೆ ಕೊಡದೆ, ಎಷ್ಟು ಸಲ ವಿಮಾನಗಳನ್ನು ನಿಲ್ಲಿಸಿ ನೋಡಿದರು? ಉತ್ತರವು ಬಂದ ದಿನ ಅದನ್ನು ಅಕ್ಷರಶಃ ಇದೇ ಪುಟದಲ್ಲಿ ಅಚ್ಚು ಹಾಕುವೆವು.